ಪಿಯುಸಿ ನಂತರ ಯಾವ ಸರ್ಕಾರಿ ಕಾಲೇಜು? ಮೈಸೂರು–ಮಂಡ್ಯದ ಆಯ್ಕೆಗಳ ಒಂದು ಹೋಲಿಕೆ

ಪಿಯುಸಿ ಫಲಿತಾಂಶ ಬಂದ ಮೇಲೆ ಪೋಷಕರು ಕೇಳುವ ಮೊದಲ ಪ್ರಶ್ನೆ ‘ಯಾವುದು ಒಳ್ಳೆಯ ಕಾಲೇಜು?’ ಎಂಬುದು. ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುವ ನನಗೆ ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಎದುರಾಗುತ್ತದೆ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಮಗು ಓದಬೇಕೆಂದಿರುವ ಕಾಂಬಿನೇಷನ್ ಆ ಕಾಲೇಜಿನಲ್ಲಿ ನಿಜವಾಗಿ ನಡೆಯುತ್ತಿದೆಯೇ? ಅದನ್ನು ಪಾಠ ಮಾಡುವವರು ಯಾರು? ಮನೆಯಿಂದ ಹೊರಟವರು ಮೊದಲ ತರಗತಿಗೆ ತಲುಪಿ, ಕತ್ತಲಾಗುವ ಮೊದಲು ಮರಳಬಹುದೇ? ಮೈಸೂರು ಮತ್ತು ಮಂಡ್ಯದ ಸರ್ಕಾರಿ ಪದವಿ ಕಾಲೇಜುಗಳ ನಡುವೆ ಆಯ್ಕೆ ಮಾಡುವಾಗ ಗೇಟಿನ ಮೇಲಿನ ಹೆಸರಿಗಿಂತ ಈ ಮೂರು ಉತ್ತರಗಳೇ ಹೆಚ್ಚು ತೂಗುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಖಾಸಗಿ ಕಾಲೇಜುಗಳನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಂಡಿಲ್ಲ. ಬಿಎ, ಬಿಎಸ್ಸಿ, ಬಿಕಾಂ ಓದಲು ಸಾಲ ಮಾಡುವ ಮುನ್ನ ಪ್ರತಿ ಕುಟುಂಬವೂ ತನ್ನ ಊರಿನ ಸರ್ಕಾರಿ ಕಾಲೇಜಿನ ಒಳಗೆ ಒಮ್ಮೆ ಹೆಜ್ಜೆ ಇಟ್ಟು ನೋಡಬೇಕು. ನೋಡದೆಯೇ ‘ಅಲ್ಲಿ ಏನೂ ನಡೆಯುವುದಿಲ್ಲ’ ಎಂದುಬಿಡುವುದು ಆ ಕಾಲೇಜಿಗೂ ಅನ್ಯಾಯ, ಮಗುವಿಗೂ ಅನ್ಯಾಯ.

ಯಾರ ಕಾಲೇಜು ಎಂಬುದು ಮೊದಲು ತಿಳಿಯಲಿ

ಎಲ್ಲವನ್ನೂ ‘ಸರ್ಕಾರಿ’ ಎಂದೇ ಕರೆಯುತ್ತೇವೆ. ಆದರೆ ಅವುಗಳ ಯಜಮಾನರು ಬೇರೆ ಬೇರೆ. ಮಹಾರಾಜ ಕಾಲೇಜು ಮತ್ತು ಯುವರಾಜ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳು. ಇವನ್ನು ವಿಶ್ವವಿದ್ಯಾಲಯವೇ ನೇರವಾಗಿ ನಡೆಸುತ್ತದೆ. ಮಹಾರಾಣಿ ಹೆಸರಿನ ಮಹಿಳಾ ಕಾಲೇಜುಗಳು, ಕುವೆಂಪುನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಮಂಡ್ಯದ ಸರ್ಕಾರಿ ಮಹಿಳಾ ಕಾಲೇಜು ಮುಂತಾದವು ರಾಜ್ಯದ ಕಾಲೇಜು ಶಿಕ್ಷಣ ಇಲಾಖೆಯ ಕೈಕೆಳಗಿವೆ. ಸೇಂಟ್ ಫಿಲೋಮಿನಾ, ಶಾರದಾ ವಿಲಾಸದಂಥವು ಅನುದಾನಿತ ಕಾಲೇಜುಗಳು: ಆಡಳಿತ ಮಂಡಳಿ ಖಾಸಗಿ, ಅನುದಾನಕ್ಕೆ ಒಳಪಟ್ಟ ಬೋಧಕರ ಸಂಬಳ ಸರ್ಕಾರದ್ದು.

ಈ ವ್ಯತ್ಯಾಸದ ಪರಿಣಾಮ ವಿದ್ಯಾರ್ಥಿಯ ದಿನಚರಿಯವರೆಗೂ ಬರುತ್ತದೆ. ಇಲಾಖೆಯ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರಿಗೆ ವರ್ಗಾವಣೆ ಇರುತ್ತದೆ. ಈ ವರ್ಷ ಚೆನ್ನಾಗಿ ಪಾಠ ಮಾಡಿದವರು ಮುಂದಿನ ವರ್ಷ ಬೇರೆ ಜಿಲ್ಲೆಯಲ್ಲಿರಬಹುದು. ಅನುದಾನಿತ ಕಾಲೇಜಿನಲ್ಲಿ ಒಂದೇ ಕಟ್ಟಡದೊಳಗೆ ಅನುದಾನ ಇರುವ ಕೋರ್ಸ್ ಮತ್ತು ಇಲ್ಲದ ಕೋರ್ಸ್ ಎರಡೂ ನಡೆಯುತ್ತವೆ. ಶುಲ್ಕದಲ್ಲಿ ಬಹಳ ಅಂತರವಿರುತ್ತದೆ. ಅರ್ಜಿ ತುಂಬುವಾಗಲೇ ‘ಈ ಕೋರ್ಸಿಗೆ ಅನುದಾನ ಇದೆಯೇ’ ಎಂದು ಬಾಯಿಬಿಟ್ಟು ಕೇಳಿ.

ಮಹಾರಾಜ ಕಾಲೇಜು: ಹೆಸರಿನ ಭಾರ, ಹೆಸರಿನ ಬಲ

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆ ಬೆಳೆದು ಈ ಕಾಲೇಜಾಯಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೂ ಇಲ್ಲಿನ ಪದವಿ ಪರೀಕ್ಷೆಗಳು ಮದ್ರಾಸ್ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಆಧಾರವಾಗಿ ನಿಂತ ಎರಡು ಕಾಲೇಜುಗಳಲ್ಲಿ ಇದೊಂದು. ಇನ್ನೊಂದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಸರ್ವಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಅವರು ಕಲ್ಕತ್ತಾಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಪ್ರಸಂಗವನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರು ಇಲ್ಲಿ ಇಂಗ್ಲಿಷ್ ಬೋಧಿಸಿದರು. ಇಲ್ಲಿಯೇ ಓದಿದ ಕುವೆಂಪು 1929ರಲ್ಲಿ ಇಲ್ಲಿಯೇ ಅಧ್ಯಾಪಕರಾದರು, 1956ರಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾದರು. ಆರ್.ಕೆ. ನಾರಾಯಣ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಲ್ಲಿನ ವಿದ್ಯಾರ್ಥಿಗಳು.

ಇಷ್ಟು ಹೇಳಿದರೆ ಯಾರಿಗಾದರೂ ಸೇರುವ ಆಸೆ ಹುಟ್ಟುತ್ತದೆ, ಹುಟ್ಟಲಿ. ಆದರೆ ಇತಿಹಾಸ ನಿಮ್ಮ ಪರವಾಗಿ ಪರೀಕ್ಷೆ ಬರೆಯುವುದಿಲ್ಲ. ಮಹಾರಾಜ ಕಾಲೇಜನ್ನು ಆರಿಸಬೇಕಾದ ಕಾರಣ ಬೇರೆಯೇ ಇದೆ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ ಇಲ್ಲಿ ಸಿಗುವ ವಿಷಯಗಳ ಹರವು ಸುತ್ತಲಿನ ತಾಲ್ಲೂಕು ಕಾಲೇಜುಗಳಲ್ಲಿ ಸಿಗುವುದು ಕಷ್ಟ. ನಮ್ಮ ಕಡೆಯ ಬಹುತೇಕ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿಎ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ – ಇವುಗಳೊಳಗಿನ ಒಂದು ಗುಂಪು. ತತ್ತ್ವಶಾಸ್ತ್ರ, ಮನೋವಿಜ್ಞಾನ, ಪತ್ರಿಕೋದ್ಯಮ ಓದಬೇಕೆಂಬ ಹುಡುಗ ಹುಡುಗಿಯರಿಗೆ ಮಹಾರಾಜ ಕಾಲೇಜಿನಂಥ ಜಾಗವೇ ಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಬೋಧನೆ 1951ರಲ್ಲಿ ಈ ಕಾಲೇಜಿನಲ್ಲಿಯೇ, ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಆರಂಭವಾಯಿತು.

ಸುತ್ತಮುತ್ತಲಿನ ಪರಿಸರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಲ್ನಡಿಗೆಯ ದೂರದಲ್ಲಿ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಹಾಲ್ ಇದೆ, ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಈ ಸಂಸ್ಥೆಯಿಂದಲೇ. ಇತಿಹಾಸ ಓದುವ ವಿದ್ಯಾರ್ಥಿ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ನಡೆದು ಹೋಗಬಹುದು ಎಂಬುದು ಸಣ್ಣ ಸೌಲಭ್ಯವಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹಿರಿಯ ವಿದ್ಯಾರ್ಥಿಗಳ ಒಡನಾಟವೂ ಇಲ್ಲಿ ಸಿಗುತ್ತದೆ. ಹಳ್ಳಿಯಿಂದ ಬಂದ ಹುಡುಗನೊಬ್ಬನಿಗೆ ಕೆಎಎಸ್ ಎಂಬುದು ತನ್ನಂಥವರೂ ಬರೆಯುವ ಪರೀಕ್ಷೆ ಎಂದು ಮೊದಲು ಅನ್ನಿಸುವುದು ಇಂಥ ಕಡೆಯೇ.

ಸಾಮಾನ್ಯ ಕಾಂಬಿನೇಷನ್ನಿನ ಬಿಎ ಮಾಡಿ ಬಿಎಡ್‌ಗೆ ಹೋಗುವ ಯೋಚನೆಯಿದ್ದರೆ, ಮನೆ ಮಂಡ್ಯ ಅಥವಾ ಮದ್ದೂರಿನ ಕಡೆಯಾದರೆ, ಬರೀ ಹೆಸರಿಗಾಗಿ ದಿನವೂ ಮೈಸೂರಿಗೆ ಓಡಾಡುವ ಅಗತ್ಯವಿಲ್ಲ.

ವಿಜ್ಞಾನ ಓದುವವರು ಪ್ರಯೋಗಾಲಯದಿಂದ ಶುರು ಮಾಡಿ

ಬಿಎಸ್ಸಿಗೆ ಮೂರು ಮುಖ್ಯ ಆಯ್ಕೆಗಳಿವೆ: ಯುವರಾಜ ಕಾಲೇಜು, ಹೆಣ್ಣುಮಕ್ಕಳಿಗೆ ಮಹಾರಾಣಿ ವಿಜ್ಞಾನ ಕಾಲೇಜು, ಮಂಡ್ಯದಲ್ಲಿ ಹಳೆಯ ಸರ್ಕಾರಿ ಕಾಲೇಜು, ಅಂದರೆ ಈಗಿನ ಮಂಡ್ಯ ವಿಶ್ವವಿದ್ಯಾಲಯ.

ಯುವರಾಜ ಕಾಲೇಜು ಆರಂಭವಾದದ್ದು 1928ರಲ್ಲಿ. ಸ್ವಾಯತ್ತ ಕಾಲೇಜಾದ್ದರಿಂದ ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು ಕಾಲೇಜಿನದೇ ಕೆಲಸ. ಪದವಿ ಪ್ರಮಾಣಪತ್ರ ಮಾತ್ರ ವಿಶ್ವವಿದ್ಯಾಲಯದ್ದು. ಇದರಿಂದ ಪಠ್ಯ ಬೇಗ ಹೊಸದಾಗುತ್ತದೆ. ಆದರೆ ಬೇರೆ ಕಾಲೇಜಿನ ಗೆಳೆಯರ ನೋಟ್ಸ್ ಆಗಲಿ, ಹಳೆಯ ವಿಶ್ವವಿದ್ಯಾಲಯ ಪ್ರಶ್ನೆಪತ್ರಿಕೆಗಳಾಗಲಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮೂಲ ವಿಜ್ಞಾನದಲ್ಲಿ ಎಂಎಸ್ಸಿಗೆ, ಅಲ್ಲಿಂದ ಸಂಶೋಧನೆಗೆ ಹೋಗಬೇಕೆಂಬ ಹಂಬಲ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಸೀಟಿಗೆ ಪೈಪೋಟಿ ಇದೆ, ಬೇಡಿಕೆಯ ಕಾಂಬಿನೇಷನ್‌ಗಳು ಬೇಗ ತುಂಬುತ್ತವೆ. ಒಂದೇ ಕಾಲೇಜನ್ನು ನಂಬಿ ಕೂರಬೇಡಿ.

ಮಹಾರಾಣಿ ಕಾಲೇಜಿನ ಬೇರು 1881ರಲ್ಲಿ ಆರಂಭವಾದ ಬಾಲಕಿಯರ ಶಾಲೆಯಲ್ಲಿದೆ. ಹೆಣ್ಣುಮಗಳು ಶಾಲೆಗೆ ಹೋಗುವುದೇ ಚರ್ಚೆಯ ವಿಷಯವಾಗಿದ್ದ ಕಾಲದಲ್ಲಿ ಮೈಸೂರಿನಲ್ಲಿ ಅಂಥ ಶಾಲೆ ಇತ್ತು ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಇಂದು ಅದು ಕಲೆ, ವಿಜ್ಞಾನ, ವಾಣಿಜ್ಯ ಎಂದು ಮೂರು ಕಾಲೇಜುಗಳಾಗಿದೆ. ಕಲಾ ಮತ್ತು ವಿಜ್ಞಾನ ಕಾಲೇಜುಗಳು ಜೆಎಲ್‌ಬಿ ರಸ್ತೆಯಲ್ಲಿವೆ, ವಾಣಿಜ್ಯ ಕಾಲೇಜು ಪಡುವಾರಹಳ್ಳಿಯಲ್ಲಿದೆ. ಅರ್ಜಿ ಹಾಕುವಾಗ ಯಾವ ಮಹಾರಾಣಿ ಎಂಬುದನ್ನು ಸರಿಯಾಗಿ ನೋಡಿಕೊಳ್ಳಿ, ಪ್ರತಿ ವರ್ಷ ಈ ಗೊಂದಲ ಇದ್ದದ್ದೇ. 2022ರ ಅಕ್ಟೋಬರ್‌ನಲ್ಲಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ ಕುಸಿಯಿತು. ಹೀಗಾಗಿ ಇಲ್ಲಿ ಸೇರುವವರು ರಸಾಯನಶಾಸ್ತ್ರದ ಪ್ರಯೋಗಾಲಯ ಈಗ ಎಲ್ಲಿ ನಡೆಯುತ್ತಿದೆ, ಎಷ್ಟು ಸಜ್ಜಾಗಿದೆ ಎಂದು ಕಣ್ಣಾರೆ ನೋಡಿಯೇ ನಿರ್ಧರಿಸಬೇಕು.

ಪ್ರಯೋಗಾಲಯ ನೋಡುವುದು ಎಂದರೆ ಬಾಗಿಲಲ್ಲಿ ನಿಂತು ತಲೆಯಾಡಿಸಿ ಬರುವುದಲ್ಲ. ಕೆಲಸದ ದಿನ ಹೋಗಿ. ಪ್ರಾಂಶುಪಾಲರ ಅನುಮತಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ರಸಾಯನಶಾಸ್ತ್ರದ ಮೇಜಿನ ಮೇಲೆ ಬ್ಯೂರೆಟ್‌ಗಳು ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಿವೆಯೋ ಅಥವಾ ಬೀರುವಿನಲ್ಲಿ ದೂಳು ಹಿಡಿದು ಮಲಗಿವೆಯೋ ನೋಡಿ. ಬ್ಯೂರೆಟ್ಟಿನ ನಲ್ಲಿ ಸರಾಗವಾಗಿ ತಿರುಗಬೇಕು, ಸೋರಬಾರದು. ಆಮ್ಲದ ಸೀಸೆಗಳ ಚೀಟಿ ಓದಲು ಬರುವಂತಿರಬೇಕು. ಒಂದು ಬ್ಯಾಚಿನಲ್ಲಿ ಎಷ್ಟು ಜನ, ಪ್ರತಿಯೊಬ್ಬರೂ ತಾವೇ ಟೈಟ್ರೇಷನ್ ಮಾಡುತ್ತಾರೋ ಅಥವಾ ನಾಲ್ವರ ಗುಂಪಿನಲ್ಲಿ ಒಬ್ಬಳು ಮಾಡಿ ಮೂವರು ಅಂಕಿ ಬರೆದುಕೊಳ್ಳುತ್ತಾರೋ ಕೇಳಿ. ಎರಡನೇ ವರ್ಷದ ವಿದ್ಯಾರ್ಥಿಯ ಲ್ಯಾಬ್ ರೆಕಾರ್ಡ್ ಒಂದನ್ನು ತೆರೆದು ನೋಡಿ. ಪ್ರಯೋಗಗಳ ದಿನಾಂಕಗಳು ಸೆಮಿಸ್ಟರ್ ಉದ್ದಕ್ಕೂ ಹರಡಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ. ಎಲ್ಲ ಪ್ರಯೋಗಗಳೂ ಪರೀಕ್ಷೆಯ ಹಿಂದಿನ ವಾರದಲ್ಲೇ ಮುಗಿದಿದ್ದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಕಾಲೇಜಿನ ಕರಪತ್ರ ಹತ್ತು ಪುಟಗಳಲ್ಲಿ ಹೇಳದ ಸತ್ಯವನ್ನು ಆ ರೆಕಾರ್ಡ್ ಪುಸ್ತಕ ಒಂದೇ ಪುಟದಲ್ಲಿ ಹೇಳುತ್ತದೆ.

ಬಿಕಾಂ ವಿಷಯದಲ್ಲಿ ಇಷ್ಟು ಯೋಚಿಸಬೇಕಿಲ್ಲ. ಪಠ್ಯ ಬಹುಮಟ್ಟಿಗೆ ಎಲ್ಲೆಡೆ ಒಂದೇ ತೆರನಾದದ್ದು, ಪ್ರಯೋಗಾಲಯದ ಹಂಗಿಲ್ಲ. ಮನೆಗೆ ಹತ್ತಿರದ, ತರಗತಿ ಸರಿಯಾಗಿ ನಡೆಯುವ ಕಾಲೇಜು ಸಾಕು. ಉಳಿದ ಸಮಯದಲ್ಲಿ ಟ್ಯಾಲಿ ಕಲಿಯಲಿ, ಸಿಎ ಫೌಂಡೇಷನ್‌ಗೆ ಓದಲಿ.

ಮಂಡ್ಯದಲ್ಲೇ ಉಳಿಯುವುದೋ, ಮೈಸೂರಿಗೆ ಹೋಗುವುದೋ

ಮಂಡ್ಯದ ಸರ್ಕಾರಿ ಕಾಲೇಜು ಆರಂಭವಾದದ್ದು 1948ರಲ್ಲಿ. ಜಿಲ್ಲೆಯ ರೈತರ ಮಕ್ಕಳಲ್ಲಿ ಎಷ್ಟೋ ಮನೆಗಳ ಮೊದಲ ಪದವೀಧರರು ಬಂದದ್ದು ಅಲ್ಲಿಂದ. 2019ರಲ್ಲಿ ಅದನ್ನೇ ಮೇಲ್ದರ್ಜೆಗೇರಿಸಿ ಮಂಡ್ಯ ವಿಶ್ವವಿದ್ಯಾಲಯ ಮಾಡಲಾಯಿತು. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಂದಿಗೆ ವಿಲೀನಗೊಳಿಸುವ ಮಾತೆತ್ತಿದಾಗ ಮಂಡ್ಯದ ಹೆಸರೂ ಅದರಲ್ಲಿತ್ತು. ಇದರಿಂದ ಪೋಷಕರು ಗಾಬರಿಯಾದದ್ದು ಸಹಜ. ಆದರೆ ವಿಶ್ವವಿದ್ಯಾಲಯದ ಫಲಕ ಬದಲಾದರೆ ಕಾಲೇಜು ಮಾಯವಾಗುವುದಿಲ್ಲ, ಓದುತ್ತಿರುವವರ ಪದವಿಯೂ ರದ್ದಾಗುವುದಿಲ್ಲ. ನಿಮಗೆ ಬೇಕಾದ ಸ್ಪಷ್ಟನೆ ಒಂದೇ: ಈ ವರ್ಷ ಸೇರಿದವರ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ? ಮಂಡ್ಯ ಜಿಲ್ಲೆಯ ಯಾವುದೇ ಕಾಲೇಜಿಗೆ ಸೇರುವ ಮುನ್ನ ಕಚೇರಿಯಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ದಾರಿಯ ಮಾತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನಲ್ಲಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಹಾರಾಣಿ ಕಾಲೇಜು ಮೈಸೂರು ನಿಲ್ದಾಣಕ್ಕೆ ತೀರ ಹತ್ತಿರ. ಮಹಾರಾಜ, ಯುವರಾಜಕ್ಕೂ ನಡೆದೇ ಹೋಗಬಹುದು. ಪಾಂಡವಪುರ, ಶ್ರೀರಂಗಪಟ್ಟಣದ ಮಕ್ಕಳಿಗೆ ಮಾಸಿಕ ಸೀಸನ್ ಟಿಕೆಟ್ ಬಹಳ ಅಗ್ಗ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೇ ಇಲ್ಲವಾಯಿತು. ‘ಮಗಳನ್ನು ಅಷ್ಟು ದೂರ ಕಳುಹಿಸಿದರೆ ಬಸ್ಸಿನ ದುಡ್ಡಿಗೇನು ಮಾಡುವುದು, ಮೇಡಂ?’ ಎಂದು ಕೇಳುತ್ತಿದ್ದ ಅಪ್ಪಂದಿರು ಈಗ ಬಸ್ಸಿನ ವೇಳಾಪಟ್ಟಿ ಕೇಳುತ್ತಾರೆ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಬೈಕಿನಲ್ಲಿ ಹೋಗುತ್ತೇನೆ ಎನ್ನುವ ಹುಡುಗರಿಗೆ ಒಂದು ಮಾತು: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ದಿನಾ ಆ ದಾರಿಯಲ್ಲಿ ಬೈಕ್ ಓಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಖರ್ಚು ಇಲ್ಲವಾದರೂ ದಣಿವು ಉಳಿಯುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಯಿಂದ ಹೊರಡುವ ಹುಡುಗಿ ಮೊದಲು ತಾಲ್ಲೂಕು ಕೇಂದ್ರಕ್ಕೆ ಬರಬೇಕು, ಅಲ್ಲಿಂದ ಮತ್ತೊಂದು ಬಸ್ ಹಿಡಿಯಬೇಕು. ಮಧ್ಯಾಹ್ನದ ಪ್ರಾಯೋಗಿಕ ತರಗತಿ ಮುಗಿಸಿ ಊರಿನ ಕೊನೆಯ ಬಸ್ ಹಿಡಿಯಲು ಆಗುವುದಿಲ್ಲ ಎಂದು ತಿಳಿದಾಗ ಅವಳು ಬಿಡುವುದು ಪ್ರಾಯೋಗಿಕ ತರಗತಿಯನ್ನೇ ಹೊರತು ಬಸ್ಸನ್ನಲ್ಲ. ಆದ್ದರಿಂದ ನನ್ನ ಲೆಕ್ಕ ಹೀಗಿದೆ: ಒಂದು ಕಡೆಯ ಪ್ರಯಾಣ ಒಂದೂವರೆ ಗಂಟೆ ದಾಟುವುದಾದರೆ ಹಾಸ್ಟೆಲ್ ಸಿಕ್ಕರೆ ಮಾತ್ರ ಮೈಸೂರು, ಇಲ್ಲದಿದ್ದರೆ ಮಂಡ್ಯ. ಹಾಸ್ಟೆಲ್ ಬೇಡವೆನ್ನುವ ಹೆಣ್ಣುಮಕ್ಕಳ ಮನೆಯವರಿಗೆ ಮಂಡ್ಯದ ಸರ್ಕಾರಿ ಮಹಿಳಾ ಕಾಲೇಜು ಒಳ್ಳೆಯ ಆಸರೆ.

ಮೈಸೂರು ನಗರದೊಳಗೇ ಇರುವವರಿಗೆ ಕುವೆಂಪುನಗರ, ವಿಜಯನಗರದ ಪ್ರಥಮ ದರ್ಜೆ ಕಾಲೇಜುಗಳನ್ನು ಮರೆಯಬೇಡಿ ಎನ್ನುತ್ತೇನೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಗದೆ ಇಲ್ಲಿಗೆ ಬಂದವರು ಎಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಪಕ್ಕದ ಬಡಾವಣೆಯ ಮನೆಗೆಲಸದವರ, ಆಟೋ ಓಡಿಸುವವರ ಮಕ್ಕಳು ನಡೆದು ಬಂದು ಪದವಿ ಪಡೆಯುವ ಜಾಗಗಳು ಇವು.

ಕಾಂಬಿನೇಷನ್ ಪಟ್ಟಿ ಮತ್ತು ವೇಳಾಪಟ್ಟಿ

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂತು. 2024–25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಅಕ್ಕನೋ ಅಣ್ಣನೋ ಆ ನಡುವಿನ ವರ್ಷಗಳಲ್ಲಿ ಓದಿದ್ದರೆ ಅವರ ಅನುಭವ ನಿಮಗೆ ಹಾಗೇ ಹೊಂದುವುದಿಲ್ಲ. ಕಾಲೇಜಿನ ಸೂಚನಾ ಫಲಕದಲ್ಲಿರುವ ಈ ವರ್ಷದ ಕಾಂಬಿನೇಷನ್ ಪಟ್ಟಿಯನ್ನೇ ಓದಿ. ಪಟ್ಟಿಯಲ್ಲಿರುವುದೆಲ್ಲ ನಡೆಯುತ್ತದೆ ಎಂದೂ ಅಲ್ಲ. ಬೆರಳೆಣಿಕೆಯ ವಿದ್ಯಾರ್ಥಿಗಳು ಸೇರಿದ ಕಾಂಬಿನೇಷನ್ನನ್ನು ಕೈಬಿಟ್ಟು ಅವರನ್ನು ಬೇರೆ ಗುಂಪಿಗೆ ಸೇರಿಸುವುದುಂಟು. ಕಳೆದ ವರ್ಷ ಈ ಗುಂಪಿನಲ್ಲಿ ಎಷ್ಟು ಜನ ಇದ್ದರು ಎಂದು ವಿಭಾಗದವರನ್ನೇ ಕೇಳಿ.

ಅತಿಥಿ ಉಪನ್ಯಾಸಕರ ವಿಷಯ ಇದಕ್ಕಿಂತ ಗಂಭೀರ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅವರೇ. ಅವರಲ್ಲಿ ಅನೇಕರು ಕಡಿಮೆ ಸಂಬಳಕ್ಕೆ, ಅಭದ್ರ ಕೆಲಸದಲ್ಲಿ, ಮನಸ್ಸಿಟ್ಟು ಪಾಠ ಮಾಡುವವರು. ಅವರಿಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ ಎಂಬ ನೋವು ನನಗಿದೆ. ಅವರ ನೇಮಕಾತಿ ತಡವಾದರೆ ತರಗತಿಯೂ ತಡವಾಗುತ್ತದೆ, ನಷ್ಟ ವಿದ್ಯಾರ್ಥಿಯದು. ಆದ್ದರಿಂದ ನಿಮಗೆ ಬೇಕಾದ ವಿಷಯದಲ್ಲಿ ಒಬ್ಬರಾದರೂ ಕಾಯಂ ಅಧ್ಯಾಪಕರು ಇದ್ದಾರೆಯೇ ಎಂದು ನೋಡಿ. ಒಬ್ಬರಿದ್ದರೂ ವಿಭಾಗ ನಿಲ್ಲುತ್ತದೆ. ಹೋದ ವರ್ಷ ಮೊದಲ ಸೆಮಿಸ್ಟರ್‌ನ ತರಗತಿಗಳು ಯಾವಾಗ ಪೂರ್ಣವಾಗಿ ಶುರುವಾದವು ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಅವರು ಸುತ್ತಿಬಳಸದೆ ಹೇಳುತ್ತಾರೆ.

ಹಣ, ಹಾಸ್ಟೆಲ್, ಕಾಗದಪತ್ರ

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದಿಂದ ವಿನಾಯಿತಿ ಇದೆ. ಪ್ರವೇಶದ ಅರ್ಜಿ ಯುಯುಸಿಎಂಎಸ್ ಜಾಲತಾಣದಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಜಾಲತಾಣದಲ್ಲಿ. ಎರಡೂ ಬೇರೆ ಬೇರೆ. ಒಂದನ್ನು ತುಂಬಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ–ವಸತಿ ನೆರವು ಸಿಗುತ್ತದೆ. ಮೈಸೂರಿನಲ್ಲಿ ಕೋಣೆ ಹಂಚಿಕೊಂಡು ಅಡುಗೆ ಮಾಡಿಕೊಳ್ಳುವ ಹುಡುಗರಿಗೆ ಇದು ಅಕ್ಕಿ ಬೇಳೆಯ ಖರ್ಚಿಗೆ ಒದಗುತ್ತದೆ.

ಹಣ ಬಾರದೆ ಅಲೆಯುವವರಲ್ಲಿ ಹೆಚ್ಚಿನವರ ತೊಂದರೆ ಒಂದೇ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಅಥವಾ ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು. ತಂದೆಯ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಅರ್ಜಿ ನಿಂತುಹೋಗುತ್ತದೆ. ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಫಲಿತಾಂಶಕ್ಕೆ ಮೊದಲೇ ಅರ್ಜಿ ಹಾಕಿ. ಫಲಿತಾಂಶ ಬಂದ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳ ಅರ್ಜಿಯ ಗಡುವು ಕಾಲೇಜಿನ ಗಡುವಿಗಿಂತ ಬೇರೆ ಇರುತ್ತದೆ, ಅದನ್ನೂ ಗಮನದಲ್ಲಿಡಿ.

ಪಕ್ಕದ ದಾರಿಗಳು

ಮೇಷ್ಟ್ರಾಗಬೇಕು ಎಂದು ಈಗಲೇ ಗಟ್ಟಿಯಾಗಿ ನಿಶ್ಚಯಿಸಿದವರು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನೋಡಲೇಬೇಕು. ಎನ್‌ಸಿಇಆರ್‌ಟಿಯ ಈ ಸಂಸ್ಥೆ 1963ರಿಂದ ಇದೆ. ಪದವಿ ಮತ್ತು ಬಿಎಡ್ ಎರಡೂ ನಾಲ್ಕೇ ವರ್ಷದಲ್ಲಿ ಒಟ್ಟಿಗೆ ಮುಗಿಯುತ್ತವೆ, ಒಂದು ವರ್ಷ ಉಳಿಯುತ್ತದೆ. ಪ್ರವೇಶ ಪರೀಕ್ಷೆ ಇದೆ. ದಕ್ಷಿಣದ ಬೇರೆ ರಾಜ್ಯಗಳವರೂ ಬರೆಯುತ್ತಾರೆ. ನಮ್ಮ ಹಳ್ಳಿ ಮಕ್ಕಳಿಗೆ ಇದರ ಸುದ್ದಿ ತಲುಪುವುದು ಅರ್ಜಿಯ ದಿನಾಂಕ ಕಳೆದ ಮೇಲೆ. ಪಿಯುಸಿ ಎರಡನೇ ವರ್ಷದ ಡಿಸೆಂಬರ್‌ನಿಂದಲೇ ಪ್ರಕಟಣೆಗಳ ಮೇಲೆ ಕಣ್ಣಿಡಿ.

ವಿಜ್ಞಾನ ಓದಿದ ರೈತರ ಮಕ್ಕಳಿಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜು ಇದೆ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಕೋಟಾದ ಸೀಟು ಬೇಕಾದವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಗದ್ದೆಯಲ್ಲಿ ಬೆಳೆದ ಮಕ್ಕಳಿಗೆ ಅದು ಅನುಕೂಲವೇ. ಚಿತ್ರಕಲೆಯ ಒಲವಿದ್ದರೆ ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಬಿಎಫ್‌ಎ (ದೃಶ್ಯಕಲೆಯ ಪದವಿ) ಇದೆ.

ಹಗಲು ದುಡಿಯಲೇಬೇಕಾದವರಿಗೆ ಮೈಸೂರು ವಿಶ್ವವಿದ್ಯಾಲಯದ ಸಂಜೆ ಕಾಲೇಜು ಇದೆ. ಅದಕ್ಕೂ ಬಿಡುವಿಲ್ಲದವರಿಗೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅದೇ ಊರಿನಲ್ಲಿದೆ. ಎರಡರಲ್ಲಿ ಆರಿಸುವುದಾದರೆ, ಕೆಲಸದ ಪಾಳಿ ಸಂಜೆ ಬಿಡುವು ಕೊಡುವಂತಿದ್ದರೆ ಸಂಜೆ ಕಾಲೇಜನ್ನೇ ಹಿಡಿಯಿರಿ. ಎದುರಿಗೆ ಅಧ್ಯಾಪಕರಿರುತ್ತಾರೆ, ಅರ್ಥವಾಗದ್ದನ್ನು ಅಲ್ಲಿಯೇ ಕೇಳಬಹುದು. ಪಾಳಿ ವಾರಕ್ಕೊಮ್ಮೆ ಬದಲಾಗುವ ಕಾರ್ಖಾನೆ ಕೆಲಸವಾದರೆ ಹಾಜರಾತಿ ತುಂಬುವುದಿಲ್ಲ, ಆಗ ಮುಕ್ತ ವಿಶ್ವವಿದ್ಯಾಲಯವೇ ಸರಿ.